ಎರಡು ಸೀಟಿನ ತವಳೆ ವಂಡಿ

ಈಗಲೂ ನಾನು ಎಲ್ಲಿಗೆ ಹೊರಟರೂ ಕೈಚೀಲದಲ್ಲಿ ಒಂದು ದೊಡ್ಡ ಬಾಟಲಿ ನೀರು ಇರುತ್ತದೆ. ನೋಡಿದವರು ಪಾಪ, ವಯಸ್ಸಾಗಿದೆ, ದಾಹ ಜಾಸ್ತಿ ಎಂದುಕೊಳ್ಳುತ್ತಾರೆ. ಕುಡಿಯುವುದಕ್ಕೆ ನನಗೆ ಬೇರೆಯೇ ಸಣ್ಣ ಬಾಟಲಿ ಇದೆ. ದೊಡ್ಡದು ಗಾಡಿಗೆ. ಮೊನ್ನೆ ಸೇಲಂನಲ್ಲಿ ಆಟೋ ಹತ್ತಿದಾಗ ಅದರ ಹುಡುಗ ಕನ್ನಡಿಯಲ್ಲಿ ನೋಡಿ, ಯಾಕಜ್ಜಿ ಇಷ್ಟು ನೀರು ಎಂದು ತಮಿಳಿನಲ್ಲಿ ಕೇಳಿದ. ನಿನ್ನ ವಂಡಿ ಬಿಸಿಯಾಗಿ ನಿಂತರೆ ಬೇಕಾಗುತ್ತದಲ್ಲಪ್ಪ ಎಂದೆ. ಅವನು ನಕ್ಕ ರಭಸಕ್ಕೆ ಆಟೋ ಒಂದು ಗುಂಡಿಯನ್ನು ಪೂರ್ತಿ ಮರೆತು ಅದರೊಳಗೇ ಇಳಿದು ಎದ್ದಿತು.

ಈ ಚಾಳಿ ನನಗೆ ಅಂಟಿದ್ದು ನಮ್ಮ ಮಾವನವರ ಕಾರಿನಿಂದ. ಕಾರು ಎಂದ ಕೂಡಲೇ ನಾಲ್ಕು ಬಾಗಿಲು, ಹಿಂದೆ ಮಕ್ಕಳು ಮರಿ ತುಂಬಿಕೊಂಡು ಹೋಗುವಂಥದ್ದು ಎಂದು ತಿಳಿಯಬೇಡಿ. ಅದು ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಮೇಲೆ ಸೂರಿಲ್ಲ, ಪಕ್ಕದಲ್ಲಿ ಗಾಜಿಲ್ಲ. ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರುತ್ತಿತ್ತು. ಮುಂದಿನ ಎರಡು ದೀಪಗಳು ಗುಡ್ಡೆಗಣ್ಣಿನ ಹಾಗೆ ಹೊರಕ್ಕೆ ಚಾಚಿದ್ದವು, ಮೈಯ ಬಣ್ಣ ಹಸಿರು. ಕಡಯಂಪಟ್ಟಿಯ ಜನ ಅದಕ್ಕೆ ತವಳೆ ವಂಡಿ ಎಂದು ಹೆಸರಿಟ್ಟಿದ್ದರು. ತವಳೆ ಎಂದರೆ ತಮಿಳಿನಲ್ಲಿ ಕಪ್ಪೆ, ವಂಡಿ ಎಂದರೆ ಗಾಡಿ. ಸೇಲಂ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಕನ್ನಡ ಮನೆಮಾತಿನ ಕುರಿ ಸಾಕುವವರ ಮನೆಯಲ್ಲಿ, ಉಣ್ಣುವ ಬಾಯಿ ಹನ್ನೊಂದು ಇರುವಾಗ, ಎರಡು ಸೀಟಿನ ಕಾರು!

ನಾನು ಅದನ್ನು ಮೊದಲು ಕಂಡದ್ದು ನನ್ನ ಮದುವೆಯಾದ ಮಾರನೆಯ ದಿನ. ಅರವತ್ತರ ದಶಕದ ಕೊನೆಯ ವರ್ಷಗಳು. ನಾನು ಹೊಳೆಯ ಆಚೆಯವಳು, ಕೊಳ್ಳೇಗಾಲದ ಕಡೆ ಕನ್ನಡ ಶಾಲೆಯಲ್ಲಿ ಹೈಸ್ಕೂಲು ಓದಿದವಳು. ಹೆಣ್ಣನ್ನು ಕರೆದೊಯ್ಯುವ ದಿಬ್ಬಣ ಹರಿಗೋಲಿನಲ್ಲಿ ಕಾವೇರಿ ದಾಟಿ ಹೊಗೇನಕಲ್ಲಿನ ದಡಕ್ಕೆ ಬಂತು. ಅಲ್ಲಿ ಆಲದ ಮರದ ಕೆಳಗೆ, ಮೂತಿಗೆ ಚೆಂಡು ಹೂವಿನ ಹಾರ ಹಾಕಿಕೊಂಡು ಈ ಕಪ್ಪೆ ಕೂತಿತ್ತು. ಸ್ಟಿಯರಿಂಗ್ ಹಿಂದೆ ದೊಡ್ಡ ಕೆಂಪು ರುಮಾಲಿನ ಮಾವ, ಮಾದಪ್ಪನವರು. ನನ್ನ ಎದೆ ಹಿಗ್ಗಿತು. ಕಾರಿನಲ್ಲಿ ಗಂಡನ ಮನೆಗೆ ಹೋಗುವ ಭಾಗ್ಯ ನಮ್ಮ ಕಡೆ ಯಾರಿಗಿತ್ತು?

ಹತ್ತಿರ ಹೋಗಿ ನೋಡಿದರೆ ಲೆಕ್ಕ ತಪ್ಪುತ್ತಿದೆ. ಮಾವ ಒಬ್ಬರು, ನಾನು ಒಬ್ಬಳು, ನಮ್ಮವರು ಒಬ್ಬರು. ಸೀಟು ಎರಡು. ನಮ್ಮವರಿಗೆ ಕಾರು ಬಿಡಲು ಬರುತ್ತಿರಲಿಲ್ಲ.

"ಅಪ್ಪಾ, ನಾನೆಲ್ ಕುಂತ್ಕಳ್ಳಿ?" ಎಂದು ಬಾಸಿಂಗದ ಗುರುತು ಇನ್ನೂ ಹಣೆಯ ಮೇಲಿದ್ದ ಮದುಮಗ ಕೇಳಿದರು.

"ನೀನಾ? ಬಸ್ ಐತಲ್ಲ, ಬಾ. ಆ ಟ್ರಂಕೂ ನೀನೇ ತಕ್ಕ ಬಂದ್ಬುಡು" ಎಂದರು ಮಾವ. ನನಗೆ, "ಕುಂತ್ಕೋ ತಾಯಿ, ಸೆರಗು ಬಿಗಿಯಾಗಿ ಇಡ್ಕೋ, ಗಾಳಿ ಜಾಸ್ತಿ" ಎಂದರು.

ಹೀಗೆ ನಾನು ಮಾವನವರ ಪಕ್ಕದಲ್ಲಿ, ನನ್ನ ಗಂಡ ಬಸ್ಸಿನಲ್ಲಿ, ನಮ್ಮ ದಾಂಪತ್ಯ ಆರಂಭವಾಯಿತು. ಪೆನ್ನಾಗರಂ ಬರುವಷ್ಟರಲ್ಲಿ ನನ್ನ ಜಡೆಯ ಹೂವೆಲ್ಲ ರಸ್ತೆಯ ಪಾಲಾಗಿತ್ತು. ತೊಪ್ಪೂರು ಕಣಿವೆ ಇಳಿಯುವಾಗ ಮಾವ ಏನೋ ಕೂಗಿ ಹೇಳಿದರು. ನನಗೆ ಕೇಳಿಸಲಿಲ್ಲ, ಹೂಂ ಎಂದೆ. ಅವರು ಇನ್ನೂ ಜೋರಾಗಿ ಬಿಟ್ಟರು. ಆಮೇಲೆ ತಿಳಿದದ್ದು, ಅವರು ಕೇಳಿದ್ದು "ಬಯ ಆಗಾಕಿಲ್ವಾ, ಇನ್ನೊಸಿ ಬುಡ್ಲಾ?" ಎಂದು.

ಮನೆ ಬಾಗಿಲಲ್ಲಿ ಆರತಿ ಹಿಡಿದ ಹೆಂಗಸರೆಲ್ಲ ನಮ್ಮನ್ನು ನೋಡಿ ಕಂಗಾಲಾದರು. ಒಬ್ಬಾಕೆ "ಮಾಪ್ಪಿಳ್ಳೆ ಎಂಗೇ?" ಎಂದು ಕೂಗಿಯೇಬಿಟ್ಟಳು. ಮದುಮಗ ಎಲ್ಲಿ ಎಂದು. ಅತ್ತೆ ಕೆಂಪಮ್ಮನವರು ಮಾವನನ್ನೊಮ್ಮೆ ನೋಡಿದರು, ನನ್ನ ಕೆದರಿದ ತಲೆಯನ್ನೊಮ್ಮೆ ನೋಡಿದರು, ಆಮೇಲೆ ನಕ್ಕರು. "ಒಳಕ್ಕೆ ಇಬ್ರೂ ಒಟ್ಟಿಗೇ ಬರ್ಬೇಕು. ಅವ್ನು ಬರೋಗಂಟ ಕೂಸು ಇಲ್ಲೇ ಕುಂತಿರ್ಲಿ" ಎಂದು ತೀರ್ಪು ಕೊಟ್ಟರು. ಬಸ್ಸು ಬರುವವರೆಗೆ ನಾನು ಕಾರಿನಲ್ಲೇ ಕೂತಿದ್ದೆ, ಊರೆಲ್ಲ ಬಂದು ನನ್ನನ್ನೂ ಕಾರನ್ನೂ ಒಂದೇ ಸಮ ಸುತ್ತಿ ನೋಡಿ ಹೋಯಿತು. ಅತ್ತೆ ಅಲ್ಲಿಗೇ ಒಬ್ಬಟ್ಟು ತಂದುಕೊಟ್ಟು, ಬಾಗಿಲಿನ ಮೇಲೆ ಕೈಯೂರಿ ನಿಂತು, ನಾನು ತಿನ್ನುವವರೆಗೂ ಮಾತಾಡಿಸಿದರು. ನಮ್ಮವರು ತಲೆಯ ಮೇಲೆ ಟ್ರಂಕು ಹೊತ್ತು ಬೆವರು ಸುರಿಸುತ್ತ ಬಂದಾಗ ಜನ ಅವರನ್ನು ಕೂಲಿಯವರೆಂದುಕೊಂಡು ದಾರಿ ಬಿಡಲಿಲ್ಲ.

ಆ ಕಾರು ಆ ಮನೆಗೆ ಬಂದ ಕಥೆ ಹೀಗೆ. ಮಾವ ಏರ್ಕಾಡು ಬೆಟ್ಟದ ಒಂದು ಕಾಫಿ ತೋಟಕ್ಕೆ ವರ್ಷಗಟ್ಟಲೆ ಕುರಿಗೊಬ್ಬರ ಸಾಗಿಸುತ್ತಿದ್ದರು. ತೋಟದ ಬಿಳಿ ದೊರೆಗೂ ಮಾವನಿಗೂ ಸ್ನೇಹ. ಅವರಿಗೆ ಇವರ ಭಾಷೆ ಬಾರದು, ಇವರಿಗೆ ಅವರದು. ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತರೆ ಭಾಷೆಯೇ ಬೇಕಾಗುತ್ತಿರಲಿಲ್ಲವಂತೆ. ದೊರೆಯೇ ತೋಟದ ರಸ್ತೆಯಲ್ಲಿ ಮಾವನಿಗೆ ಡ್ರೈವಿಂಗ್ ಕಲಿಸಿದ್ದು. ತೋಟ ಮಾರಿ ತನ್ನ ಸೀಮೆಗೆ ಹೊರಟ ದಿನ ಆತ ಕೀಲಿಯನ್ನು ಮಾವನ ಅಂಗೈಯಲ್ಲಿಟ್ಟು, ಜೊತೆಗೆ ಒಂದು ತಗಡಿನ ಪೆಟ್ಟಿಗೆ ಸ್ಪ್ಯಾನರುಗಳನ್ನೂ ಕೊಟ್ಟು, ಹಿಂತಿರುಗಿ ನೋಡದೆ ಹೋದನಂತೆ. ಆ ಪೆಟ್ಟಿಗೆ ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲಿರುತ್ತಿತ್ತು. ಏಕೆಂದರೆ ಸುತ್ತ ಯಾವ ಊರಿನ ಸ್ಪ್ಯಾನರೂ ಆ ಕಾರಿನ ನಟ್ಟಿಗೆ ಕೂರುತ್ತಿರಲಿಲ್ಲ.

ಆಗಲೇ ಅದು ಮುದಿ ಕಾರು. ಮೈಲಿ ತೋರಿಸುವ ಮೀಟರು ದೊರೆಯ ಕಾಲದಲ್ಲೇ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾಗಿತ್ತಂತೆ. ಯಾರಾದರೂ ಎಷ್ಟು ಓಡಿದೆ ಎಂದು ಕೇಳಿದರೆ ಮಾವ, "ಅದ್ರ ವಯಸ್ ಕೇಳ್ಬ್ಯಾಡಿ, ಬೇಜಾರ್ ಮಾಡ್ಕತೈತೆ" ಎನ್ನುತ್ತಿದ್ದರು. ಮಳೆ ಬಂದರೆ ಮೇಲೆ ಎಳೆದುಕೊಳ್ಳುವ ಕ್ಯಾನ್ವಾಸ್ ಹೊದಿಕೆ ಹರಿದುಹೋದಾಗ ಅತ್ತೆ ಉಣ್ಣೆ ನೂಲಿನಿಂದ ನೇಯಿಸಿದ ಕರಿಕಂಬಳಿಯನ್ನೇ ಅಳತೆಗೆ ಹೊಲಿದು ಹಾಕಿದರು. ಮಳೆಗೆ ಒಂದು ಹನಿ ಒಳಗೆ ಬರುತ್ತಿರಲಿಲ್ಲ, ನಿಜ. ಆದರೆ ನೆನೆದ ಕಂಬಳಿಯ ವಾಸನೆಗೆ ದಾರಿಯ ಕುರಿಗಳೆಲ್ಲ ಕಾರಿನ ಹಿಂದೆ ಬರುತ್ತಿದ್ದವು. ಬೆಲ್ಟು ಕಿತ್ತುಹೋದಾಗ ಕುರಿ ಉಣ್ಣೆಯ ಹುರಿ, ರೇಡಿಯೇಟರ್ ಸೋರಿದಾಗ ಒಂದು ಹಿಡಿ ಅರಿಶಿನ. ಮಾವ ಬಾಯಿ ತುಂಬ ಎಲೆ ಅಡಕೆ ಹಾಕಿಕೊಂಡು ಕಾರಿನ ಕೆಳಗೆ ನುಸುಳಿದರೆ ಎರಡು ಕಾಲು ಮಾತ್ರ ನಮ್ಮ ಪಾಲಿಗೆ ಇರುತ್ತಿದ್ದವು. ಊಟಕ್ಕೆ ಕರೆಯಬೇಕಾದರೆ ನಾನು ಆ ಕಾಲುಗಳಿಗೇ ಹೇಳಿ ಬರುತ್ತಿದ್ದೆ.

ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ ಕಾರ್ಬುರೇಟರಿನದು. ಆ ಎಂಜಿನ್ನಿಗೆ ಎರಡು ಕಾರ್ಬುರೇಟರ್, ಎರಡೂ ಸಮನಾಗಿ ಗಾಳಿ ಎಳೆಯಬೇಕು. ಒಂದು ಹೆಚ್ಚು ಎಳೆದರೆ ಎಂಜಿನ್ನು ಗೂರಲು ರೋಗದವರ ಹಾಗೆ ಕೆಮ್ಮುತ್ತಿತ್ತು. ಮಾವ ಹಿತ್ತಲಿನ ಪರಂಗಿ ಮರದಿಂದ ಎಲೆಯ ದಂಟು ಮುರಿದು ತರುತ್ತಿದ್ದರು, ಒಳಗೆ ಟೊಳ್ಳು ಇರುತ್ತದಲ್ಲ, ಅದರ ಒಂದು ತುದಿ ಕಾರ್ಬುರೇಟರ್ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಈ ಕಡೆ ಕೇಳಿ, ಆ ಕಡೆ ಕೇಳಿ, ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿ, ಮತ್ತೆ ಕೇಳಿ. ಆಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ, ಅತ್ತೆ ಖಾರ ಕೂಡ ರುಬ್ಬುವಂತಿಲ್ಲ. ನೆರೆಯ ಹೆಂಗಸರು ಅತ್ತೆಯನ್ನು, "ಇದು ನಿಂಗೆ ಸವತಿ ಅಲ್ವಾ ಕೆಂಪಕ್ಕಾ?" ಎಂದು ಛೇಡಿಸುತ್ತಿದ್ದರು. "ಸವತಿ ಆಗಿದ್ರೆ ಒಂದ್ ಒತ್ತಿನ ಮುದ್ದೆ ಆದ್ರೂ ತಿರುವೋಳು" ಎನ್ನುತ್ತಿದ್ದರು ಅತ್ತೆ.

ನಮ್ಮವರಿಗೆ ಮೊರಪ್ಪೂರು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಹಳಿಯ ಮೇಲೆ ಹೋಗದ ಯಾವ ವಾಹನದ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಮದುವೆಯ ದಿನದ ಬಸ್ಸಿನ ಸಿಟ್ಟೂ ಪೂರ್ತಿ ಇಳಿದಿರಲಿಲ್ಲ. ಹಾಗಾಗಿ ಆ ಎರಡನೆಯ ಸೀಟಿಗೆ ಅವರ ಪೈಪೋಟಿ ಇರಲಿಲ್ಲ. ಉಳಿದವರದೆಲ್ಲ ಇತ್ತು. ಸೇಲಂಗೆ ಹೊರಟರೆ, ಧರ್ಮಪುರಿಗೆ ಹೊರಟರೆ, ಇವತ್ತು ಯಾರು ಕೂರುವುದು? ಅದನ್ನು ಅತ್ತೆ ಹೇಳುತ್ತಿದ್ದರು. ಜ್ವರ ಬಂದ ಮಗು, ಬಸುರಿ ಮಗಳು, ಮಂಡಿ ನೋವಿನ ನೆಂಟರು, ಊರಿಗೆ ಬಂದ ಮೇಷ್ಟ್ರು. ಯಾರೂ ಇಲ್ಲದ ದಿನ ನನಗೆ, "ಓಗ್ ಕೂಸೇ, ನಾಕ್ ಊರು ನೋಡ್ಕ ಬಾ" ಎನ್ನುತ್ತಿದ್ದರು. ಸೀಟಿನ ಧೂಳು ಸೆರಗಿನಿಂದ ಒರೆಸಿ, ಹತ್ತಿದವರ ಕೈಗೆ ನೀರಿನ ತಂಬಿಗೆ ಕೊಟ್ಟು, ಬಾಗಿಲು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ನಾನೂ ಎಷ್ಟು ಸಲ ಹಾಗೆ ಹತ್ತಿ ಹೋಗಿದ್ದೇನೋ. ಅವರ ಕಡೆ ತಿರುಗಿ ನೋಡಿದ ನೆನಪಿಲ್ಲ. ಮುಂದೆ ರಸ್ತೆ ಇರುವಾಗ ಹಿಂದೆ ಯಾರು ನೋಡುತ್ತಾರೆ?

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ನಾನೂ ಮಾವನೂ ಓಮಲೂರಿನಿಂದ ವಾಪಸು ಬರುತ್ತಿದ್ದೆವು. ದಾರಿ ನಡುವೆ ಮಾವ ಕಾರು ನಿಲ್ಲಿಸಿ ಹಾರನ್ ಹೊಡೆದರು. ಸ್ವಲ್ಪ ಕಾದು ಮತ್ತೆ ಹೊಡೆದರು.

"ಯಾರ ಕುರಿ ಇದು? ಕಾಯೋನು ಎಲ್ ಓದ?" ಎಂದು ಗೊಣಗಿದರು.

ನಾನು ನೋಡಿದೆ. ರಸ್ತೆಯ ಅಂಚಿನಲ್ಲಿ ಕರಿಯ ಬಂಡೆಯೊಂದು ಬಿದ್ದಿತ್ತು.

"ಮಾವಾ, ಅದು ಕಲ್ಲು."

ಅವರು ಕಣ್ಣುಜ್ಜಿಕೊಂಡರು. ಹುಟ್ಟಿದಾಗಿನಿಂದ ಕುರಿ ನೋಡಿದ ಕಣ್ಣು ಅದು, ಒಂದು ಮಂದೆಯಲ್ಲಿ ತನ್ನ ಕುರಿ ಯಾವುದೆಂದು ದೂರದಿಂದಲೇ ಹೇಳುತ್ತಿದ್ದ ಕಣ್ಣು. ಎತ್ತಿನ ಗಾಡಿಗಿಂತ ನಿಧಾನವಾಗಿ ಕಾರನ್ನು ಮನೆಗೆ ತಂದು, ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೆ ಕಂಬಳಿ ಎಳೆದು ಹೋದರು. ಆಮೇಲೆ ಅದರ ಹತ್ತಿರ ಸುಳಿಯಲೇ ಇಲ್ಲ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ಸೇಲಂನ ಡಾಕ್ಟರು ಹೇಳಿ ವರ್ಷವಾಗಿತ್ತು. ಹೆದರಿಕೆ. ಟಗರುಗಳ ಕೊಂಬು ಹಿಡಿದು ನೆಲಕ್ಕೆ ಕೆಡವುತ್ತಿದ್ದ ಮನುಷ್ಯ, ಕಣ್ಣಿಗೆ ಕತ್ತಿ ಎಂದರೆ ಮುಸುಕು ಹಾಕಿಕೊಳ್ಳುತ್ತಿದ್ದರು. ಹಜಾರದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಊಟಕ್ಕೆ ಕರೆಯಲು ಹೋದರೆ ಈಗ ಕಾಲುಗಳು ಕೂಡ ಕೇಳಿಸಿಕೊಳ್ಳುತ್ತಿರಲಿಲ್ಲ.

ಸೇಲಂನಿಂದ ಹಳೆ ಕಬ್ಬಿಣದವನೊಬ್ಬ ಬಂದ. ಕಾರನ್ನು ಬಿಡಿಬಿಡಿಯಾಗಿ ಕಳಚಿ ಒಯ್ಯುತ್ತೇನೆ ಎಂದ. ಮಾವ "ತಕ್ಕಂಡ್ ಓಗು" ಎಂದು ಗೋಡೆಯ ಕಡೆಗೇ ಹೇಳಿದರು. ನಮ್ಮವರೂ ಅವತ್ತು ಮನೆಯಲ್ಲಿದ್ದರು, ಇನ್ನೇನು ಮಾಡುವುದು ಎಂದರು. ಆಗ ಅಡುಗೆಮನೆಯಿಂದ ಅತ್ತೆ ಹೊರಗೆ ಬಂದರು. ಕೈಯಲ್ಲಿ ಮುದ್ದೆ ಕೋಲು.

"ವಂಡಿ ಕೊಡಾಕಿಲ್ಲ."

"ಇಟ್ಕಂಡು ಏನ್ ಮಾಡ್ತೀಯಾ? ಕಣ್ಣೇ ಕಾಣಾಕಿಲ್ಲ ನಂಗೆ" ಎಂದರು ಮಾವ.

"ಕಣ್ಣು ಸರಿ ಮಾಡ್ಸ್ಕಳಿ. ನಾ ಇನ್ನೂ ಅದ್ರಲ್ಲಿ ಕುಂತೇ ಇಲ್ಲ."

ನಮ್ಮವರು ನಗುತ್ತ, "ಏನವ್ವಾ ಇಂಗಂತೀಯಾ? ಅಕ್ಕನ ಸೀಮಂತಕ್ಕೆ ಓಗಿದ್ಯಲ್ಲಾ" ಎಂದರು.

"ಅವತ್ತು ನಿಮ್ಮಕ್ಕ ಕುಂತಿದ್ಲು. ನಾ ಎತ್ತಿನ ಗಾಡೀಲಿ ಬಂದೆ."

"ನಿನ್ ತಮ್ಮನ ಗೃಹಪ್ರವೇಶಕ್ಕೆ?"

"ಅವತ್ತು ಕುಂಬಳಕಾಯಿ ಕುಂತಿತ್ತು."

ಹಳೆ ಕಬ್ಬಿಣದವನು ನಕ್ಕುಬಿಟ್ಟ. ನಮಗೆ ನಗು ಬರಲಿಲ್ಲ. ಒಬ್ಬೊಬ್ಬರೂ ಮನಸ್ಸಿನಲ್ಲೇ ಹುಡುಕುತ್ತಿದ್ದೆವು, ಎಲ್ಲಾದರೂ ಒಂದು ಸಲ, ಒಂದೇ ಸಲ ಅತ್ತೆ ಆ ಸೀಟಿನಲ್ಲಿ ಕೂತದ್ದನ್ನು ಕಂಡಿದ್ದೇವೆಯೇ ಎಂದು. ಯಾರಿಗೂ ಸಿಗಲಿಲ್ಲ. ಗೋಡೆಯ ಕಡೆ ತಿರುಗಿದ್ದ ಮಾವ ನಿಧಾನವಾಗಿ ಎದ್ದು ಕೂತರು.

"ಯಾಕ್ ಏಳ್ಳಿಲ್ಲ ನೀನು?"

"ನೀವ್ ಕೇಳ್ಳಿಲ್ಲ" ಎಂದರು ಅತ್ತೆ. ಸಿಟ್ಟಿನಿಂದಲ್ಲ. ಉಪ್ಪು ಎಲ್ಲಿದೆ ಎಂದರೆ ಗೂಡಿನಲ್ಲಿದೆ ಎನ್ನುವ ಹಾಗೆ. ಆಮೇಲೆ ಒಂದಿಷ್ಟು ಸಣ್ಣ ದನಿಯಲ್ಲಿ, "ಪೆನ್ನಾಗರದ ನಮ್ಮ ಅಪ್ಪನ ಮನೆಗೆ ಓಗ್ಬೇಕು. ಡ್ರೈವರ್ ಯಾರೂ ಬ್ಯಾಡ. ನೀವೇ ಬುಡ್ಬೇಕು" ಎಂದು ಸೇರಿಸಿ ಒಳಗೆ ಹೋದರು. ಮುದ್ದೆ ತಳ ಹಿಡಿಯುವ ವಾಸನೆ ಬರುತ್ತಿತ್ತು.

ಮುಂದಿನ ವಾರ ಮಾವ ಆಸ್ಪತ್ರೆಗೆ ಸೇರಿದರು.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಮೇಲೆ ತಲೆ ಅಲ್ಲಾಡಿಸಬಾರದು, ಬಗ್ಗಬಾರದು, ಕೂಗಬಾರದು ಎಂದು ಕಟ್ಟುನಿಟ್ಟು. ಈ ಕಡೆ ತಿಂಗಳುಗಟ್ಟಲೆ ನಿಂತ ಕಾರನ್ನು ಯಾರಾದರೂ ಎಬ್ಬಿಸಬೇಕಲ್ಲ? ರಜೆ ಹಾಕಿ ಬಂದಿದ್ದ ನಮ್ಮವರೂ ನಾನೂ ಕಂಬಳಿ ಸರಿಸಿದೆವು. ಟೈರುಗಳು ಚಪ್ಪಟೆ. ಸೀಟಿನ ಕೆಳಗೆ ಇಲಿ ಮರಿ ಹಾಕಿತ್ತು. ಹಳಿ ಬಿಟ್ಟು ಹೋಗುವುದನ್ನು ನಂಬದ ಮನುಷ್ಯ ಪಂಚೆ ಎತ್ತಿ ಕಟ್ಟಿ, ದೊರೆಯ ಸ್ಪ್ಯಾನರು ಹಿಡಿದು ಕೆಳಗೆ ನುಸುಳಿದರು. ಎಣ್ಣೆ ಬದಲಾಯಿಸಿದೆವು, ಪ್ಲಗ್ಗು ಉಜ್ಜಿದೆವು, ಸೋರುವ ಪೈಪಿಗೆ ಸುತ್ತು ಹಾಕಿದೆವು. ನಾನು ಒಂದು ದಿನ ಸೆರಗಿನ ಸಮೇತ ಬಾನೆಟ್ಟು ಮುಚ್ಚಿಬಿಟ್ಟೆ. ಅದರ ಚಿಲಕ ಸಿಕ್ಕಿಕೊಂಡಿತು, ನಮ್ಮವರು ಎಣ್ಣೆ ತರಲು ಹೋಗಿದ್ದರು. ಅವರು ಬರುವವರೆಗೂ ಕಾರಿಗೆ ಗಂಟು ಹಾಕಿದ ಹೊಸ ಮದುಮಗಳ ಹಾಗೆ ನಿಂತಿದ್ದೆ.

ಎಂಜಿನ್ನು ಎದ್ದಿತು, ಆದರೆ ಕೆಮ್ಮು. ನಾವಿಬ್ಬರೂ ಒಂದೊಂದು ಪರಂಗಿ ದಂಟು ತಂದು, ಅವರು ಒಂದು ಕಾರ್ಬುರೇಟರಿಗೆ, ನಾನು ಇನ್ನೊಂದಕ್ಕೆ ಕಿವಿಯಿಟ್ಟೆವು. "ನಿಂದು ಎಂಗೈತೆ?" "ಬುಸ್ ಅಂತೈತೆ. ನಿಮ್ದು?" "ನಂದೂ ಬುಸ್ಸೇ." "ಯಾರ ಬುಸ್ಸು ದೊಡ್ಡದು?" ಅದನ್ನು ಹೇಳುವುದು ಹೇಗೆ? ದಂಟು ಅದಲು ಬದಲು ಮಾಡಿದೆವು, ಕಿವಿ ಬದಲು ಮಾಡಿದೆವು, ನಗು ಬಂದು ದಂಟು ಮುರಿದುಕೊಂಡೆವು. ಮದುವೆಯಾಗಿ ಅಷ್ಟು ವರ್ಷಕ್ಕೆ ನಾವಿಬ್ಬರೇ, ಯಾರ ಅಡ್ಡಿಯೂ ಇಲ್ಲದೆ, ಇಡೀ ದಿನ ಒಂದು ಕಡೆ ಇದ್ದದ್ದು ಆ ಬಾನೆಟ್ಟಿನ ಕೆಳಗೇ. ಮುಖವೆಲ್ಲ ಗ್ರೀಸು. ಅವರು ಮೀಸೆಗೆ ಹತ್ತಿದ್ದನ್ನು ಒರೆಸಲು ಹೋಗಿ ಇನ್ನಷ್ಟು ಬಳಿದುಕೊಂಡಿದ್ದರು, ಚೆಂದ ಕಾಣುತ್ತಿದ್ದರು.

ಆಗ ಒಳಗಿನಿಂದ ಟಕ್ ಟಕ್ ಎಂದು ಸದ್ದು. ಮಾವ ಮಂಚದ ಕಾಲಿಗೆ ಬೆರಳಿನಿಂದ ಬಡಿಯುತ್ತಿದ್ದರು. ಓಡಿಹೋದೆ. ಎರಡು ಕಣ್ಣಿಗೂ ಪಟ್ಟಿ, ತಲೆ ಅಲ್ಲಾಡಿಸದೆ, ತುಟಿ ಮಾತ್ರ ಆಡಿಸಿ ಪಿಸುಗುಟ್ಟಿದರು: "ಇಂದಿನದು ಜಾಸ್ತಿ ಎಳೀತಾ ಐತೆ. ಕಾಲು ಸುತ್ತು ಬಿಗಿ ಮಾಡ್ಸು." ಹಿಂದಿನದನ್ನು ಕಾಲು ಸುತ್ತು ಬಿಗಿ ಮಾಡಿದೆವು. ಕೆಮ್ಮು ನಿಂತು ಎಂಜಿನ್ನು ತುಂಬಿದ ಹೊಟ್ಟೆಯ ಬೆಕ್ಕಿನ ಹಾಗೆ ಗುರುಗುಟ್ಟಿತು. ಒಳಗೆ ಇಣುಕಿ ನೋಡಿದರೆ ಮಾವ ಪಟ್ಟಿಯ ಕೆಳಗೆ ನಗುತ್ತಿದ್ದರು. ಪಕ್ಕದಲ್ಲಿ ಅತ್ತೆ, "ಅಲ್ಲಾಡ್ಬ್ಯಾಡಿ, ಡಾಕ್ಟ್ರು ಬೋಯ್ತಾರೆ" ಎಂದು ಅವರ ಗಲ್ಲ ಹಿಡಿದುಕೊಂಡಿದ್ದರು.

ಪಟ್ಟಿ ಬಿಚ್ಚಿ, ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬಂದು, ಇನ್ನು ಕಾರು ಬಿಡಬಹುದು ಎಂದು ಡಾಕ್ಟರು ಒಪ್ಪುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಮಾವ ಕನ್ನಡಕ ಹಾಕಿಕೊಂಡು ಮೊದಲು ಅತ್ತೆಯನ್ನು ನೋಡಿದರು. "ಏನು, ಇಷ್ಟ್ ನೆರೆತೋಗೈತೆ ತಲೆ?" ಎಂದರು. "ನಿಮ್ದ್ ನೋಡ್ಕಳಿ ಕನ್ನಡೀಲಿ" ಎಂದರು ಅತ್ತೆ.

ಹೊರಡುವ ದಿನ ಅತ್ತೆ ಮದುವೆಯ ಸೀರೆ ಉಟ್ಟರು. ಸೀಟಿನ ಧೂಳನ್ನು ನಾನು ಸೆರಗಿನಿಂದ ಒರೆಸಿದೆ, ನೀರಿನ ತಂಬಿಗೆ ಕೊಟ್ಟೆ, ಬಾಗಿಲು ಹಾಕಿದೆ. ಕೂರುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಬೆನ್ನು ಆನಿಸದೆ, ಬಸ್ಸಿನ ಬೆಂಚಿನ ತುದಿಯಲ್ಲಿ ಕೂತವರ ಹಾಗೆ ಕೂತರು. "ಇಂದಕ್ಕೆ ಒರಗು" ಎಂದರು ಮಾವ. ಒರಗಿದವರು, "ಅಯ್ಯೋ, ಇಷ್ಟ್ ಕೆಳಗಾ!" ಎಂದು ನಕ್ಕರು. ಕಾರು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ಅವರ ನಗು ಕೇಳಿಸುತ್ತಿತ್ತು.

ಪೆನ್ನಾಗರದ ತವರಿನಲ್ಲಿ, ಅತ್ತೆಯ ತಮ್ಮನ ಮನೆಯಲ್ಲಿ ಊಟಕ್ಕೆ ನಮಗೂ ಕರೆ ಇತ್ತು, ನಾವಿಬ್ಬರೂ ಹಿಂದೆಯೇ ಬಂದ ಬಸ್ಸು ಹಿಡಿದೆವು. ನಿಜ ಹೇಳಬೇಕೆಂದರೆ ಭಯ. ಹೊಸ ಕಣ್ಣು, ಹಳೆ ಕಾರು, ತೊಪ್ಪೂರು ಕಣಿವೆಯ ಏರು. ನನ್ನ ತೊಡೆಯ ಮೇಲೆ ಎರಡು ಕೊಡ ನೀರು, ನಮ್ಮವರ ಕೈಯಲ್ಲಿ ಸ್ಪ್ಯಾನರ್ ಪೆಟ್ಟಿಗೆ. ಕಂಡಕ್ಟರು ಕೊಡಕ್ಕೂ ಟಿಕೆಟ್ ತಗೊಳ್ಳಿ ಎಂದು ಜಗಳಕ್ಕೆ ಬಂದ.

ಕಣಿವೆಯ ಅರ್ಧ ಏರಿದ ಮೇಲೆ ಕಂಡಿತು. ರಸ್ತೆಯ ಪಕ್ಕದಲ್ಲಿ ಬಾನೆಟ್ಟು ಎತ್ತಿದ ಹಸಿರು ಕಾರು, ಆವಿ ಏಳುತ್ತಿದೆ. "ನಿಲ್ಸಿ! ನಿಪ್ಪಾಟ್ಟುಂಗೋ!" ಎಂದು ನಾನು ಎರಡೂ ಭಾಷೆಯಲ್ಲಿ ಕಿರುಚಿದೆ. ಬಸ್ಸು ನಿಂತಿತು. ನಾನು ಕೊಡ ಎತ್ತಿಕೊಂಡು ಕಿಟಕಿಯಿಂದ ಇಣುಕಿದೆ.

ಮಾವನೂ ಅತ್ತೆಯೂ ರಸ್ತೆಯ ಅಂಚಿನ ಗಿಡ್ಡ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ನಡುವೆ ಬಿಚ್ಚಿಟ್ಟ ಬುತ್ತಿಯಲ್ಲಿ ಬೇಯಿಸಿದ ಕಳ್ಳೇಕಾಯಿ. ಅತ್ತೆ ಸುಲಿಯುತ್ತಿದ್ದರು, ಮಾವ ತಿನ್ನುತ್ತಿದ್ದರು. ಅತ್ತೆಯ ತಲೆಯ ಒಂದು ಕೂದಲೂ ಜಾಗದಲ್ಲಿರಲಿಲ್ಲ.

"ಏನಾತು ಮಾವಾ? ನೀರು ಬೇಕಾ?"

"ಏನೂ ಆಗಿಲ್ಲ. ಅದಕ್ಕೆ ದಣಿವಾಗೈತೆ, ಕುಂತೈತೆ. ನಮ್ದೂ ಅಷ್ಟೇ" ಎಂದರು ಮಾವ.

"ಓಗಿ ಓಗಿ, ನೀವ್ ಮುಂದಕ್ಕೋಗಿ" ಎಂದು ಅತ್ತೆ ಕೈಬೀಸಿದರು. ನಾನು ಇಳಿಯಲೇ ಎಂಬಂತೆ ಬಾಗಿಲ ಕಡೆ ನೋಡಿದ್ದು ಅವರಿಗೆ ಕಂಡಿರಬೇಕು. "ಇಳೀಬ್ಯಾಡ ಕೂಸೇ!" ಎಂದರು ಗಟ್ಟಿಯಾಗಿ. ನಮ್ಮವರು ನನ್ನ ಕೈ ಹಿಡಿದು ಕೂರಿಸಿದರು. ಬಸ್ಸು ಮುಂದೆ ಹೋಯಿತು.

ಊಟದ ಹೊತ್ತು ದಾಟಿತು, ಅವರು ಬರಲಿಲ್ಲ. ಸಂಜೆಯಾಯಿತು. ಅತ್ತೆಯ ತಮ್ಮ ಸೈಕಲ್ಲು ಹತ್ತಿ ಹುಡುಕಲು ಹೊರಡುವುದರಲ್ಲಿದ್ದ, ಆಗ ಹಾರನ್ ಕೇಳಿಸಿತು. ಕಾರು ಬಂದದ್ದು ನಾವು ಕಾಯುತ್ತಿದ್ದ ಧರ್ಮಪುರಿಯ ದಾರಿಯಿಂದಲ್ಲ, ಹೊಗೇನಕಲ್ಲಿನ ಕಡೆಯಿಂದ. ಇಬ್ಬರ ಬಟ್ಟೆಯೂ ಅರ್ಧ ಒದ್ದೆ. ಊರಿನ ಮುಂದೆಯೇ ಹಾದುಹೋಗಿ, ಹೊಳೆ ನೋಡಿ, ಮೀನು ತಿಂದು ಬಂದಿದ್ದರು.

"ನಾವಿಲ್ಲಿ ಜೀವ ಕೈಲಿಡ್ಕಂಡು ಕುಂತಿದ್ರೆ!" ಎಂದರು ನಮ್ಮವರು.

"ನಿಮ್ಗೆ ಯಾರ್ ಏಳಿದ್ದು ಅಂಗೆ ಇಡ್ಕಳಕೆ?" ಎಂದು ಅತ್ತೆ ಸೆರಗು ಹಿಂಡುತ್ತ ಒಳಗೆ ಹೋದರು.

ಮರುದಿನ ಬೆಳಗ್ಗೆ ನಾನು ಎದ್ದು ಅಂಗಳಕ್ಕೆ ಬಂದಾಗ ಅತ್ತೆ ಆಗಲೇ ಮುಖ ತೊಳೆದು, ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು, ಕಾರಿನ ಸೀಟಿನಲ್ಲಿ ಬೆನ್ನು ಪೂರ್ತಿ ಒರಗಿಸಿ ಕೂತಿದ್ದರು. ಮಾವ ಇನ್ನೂ ಹಲ್ಲುಜ್ಜುತ್ತಿದ್ದರು. ಅತ್ತೆಯ ತಮ್ಮನ ಹೆಂಡತಿ ಆಸೆಯಿಂದ ಕಾರಿನ ಬಾಗಿಲು ಸವರುತ್ತ ಬಂದಳು.

"ಅಕ್ಕಾ, ನಾನೂ ಧರ್ಮಪುರಿಗಂಟ ಇದ್ರಲ್ಲಿ ಬರ್ಲಾ? ಒಂದೇ ಒಂದ್ ಕಿತಾ. ನೀವು ಬಸ್ಸಲ್ಲಿ ಬಂದ್ರೆ ಪರವಾಯಿಲ್ಲೆ ಅಲ್ವಾ?"

ಮನೆಯವರೆಲ್ಲ ಅತ್ತೆಯ ಮುಖ ನೋಡಿದೆವು. ನನಗಂತೂ ಗೊತ್ತಿತ್ತು, ಈಗ ಎದ್ದು, ಸೀಟು ಒರೆಸಿ, ಬಾಗಿಲು ಹಿಡಿದು ನಿಲ್ಲುತ್ತಾರೆ. ಅತ್ತೆ ಆಕೆಯನ್ನು ಪ್ರೀತಿಯಿಂದ ನೋಡಿದರು. ತೊಡೆಯ ಮೇಲಿನ ಗಂಟನ್ನು ಸರಿಮಾಡಿಕೊಂಡರು.

"ಆಗಾಕಿಲ್ಲ ಕಣವ್ವಾ" ಎಂದರು. "ನಾನ್ ಕುಂತಿದ್ದೀನಿ."